ಹಿಮದ ಹಾದಿಯ ಓಟ

ರಾಯಚೂರು ಬಿಸಿಲಿನ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಬಂಡೆಗಲ್ಲಿನ ಗುಡ್ಡಗಳು, ಎರೆಹೊಲಗಳು. ಬೇಸಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಇಂಥ ನೆಲದಲ್ಲಿ ಬೆಳೆದ ಮಕ್ಕಳಿಗೆ ಹಿಮವೆಂಬುದು ಭೂಗೋಳದ ಪುಸ್ತಕದಲ್ಲಿ ಬರುವ ಒಂದು ಪದ ಮಾತ್ರ. ಆದರೆ ಜಗತ್ತಿನ ಹಲವು ದೇಶಗಳಲ್ಲಿ ವರ್ಷದ ಅರ್ಧ ಕಾಲ ಹಿಮವೇ ನೆಲ, ಹಿಮವೇ ದಾರಿ. ಆ ಜನ ತಮ್ಮ ಕಷ್ಟವನ್ನೇ ಆಟವನ್ನಾಗಿ ಮಾಡಿಕೊಂಡರು. ಆ ಆಟದ ಹೆಸರು ಸ್ಕೀ.

ಸ್ಕೀ ಎಂದರೆ ಪಾದಕ್ಕೆ ಕಟ್ಟಿಕೊಳ್ಳುವ ಉದ್ದನೆಯ, ತೆಳುವಾದ ಹಲಗೆ. ಸೀಳಿದ ಮರದ ತುಂಡು ಎಂಬ ಅರ್ಥದ ಪ್ರಾಚೀನ ನಾರ್ವೆ ಭಾಷೆಯ ಶಬ್ದದಿಂದ ಈ ಹೆಸರು ಬಂದಿದೆ. ಇದರ ತತ್ತ್ವ ನಮಗೆ ಅಪರಿಚಿತವಾದುದಲ್ಲ. ಮಾನ್ವಿ, ದೇವದುರ್ಗಗಳ ಕಾಲುವೆ ಕೆಳಗಿನ ಭತ್ತದ ಗದ್ದೆಗಳನ್ನು ನೆನೆಯಿರಿ. ನಾಟಿಗೆ ಹದಮಾಡಿದ ಕೆಸರಿನಲ್ಲಿ ಬರಿಗಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಅದೇ ಕೆಸರಿನ ಮೇಲೆ ಅಗಲವಾದ ಹಲಗೆಯನ್ನಿಟ್ಟು ನಿಂತವನು ಹೂಳುವುದಿಲ್ಲ. ದೇಹದ ಭಾರವು ಹೆಚ್ಚು ಜಾಗಕ್ಕೆ ಹಂಚಿಹೋಗುವುದೇ ಇದಕ್ಕೆ ಕಾರಣ. ಹಿಮದ ನಾಡಿನ ಬೇಡರು ಸಾವಿರಾರು ವರ್ಷಗಳ ಹಿಂದೆಯೇ ಈ ಸತ್ಯವನ್ನು ಕಂಡುಕೊಂಡಿದ್ದರು. ನಾರ್ವೆಯ ಬಂಡೆಗಳ ಮೇಲೆ ಸ್ಕೀ ತೊಟ್ಟ ಮನುಷ್ಯರ ಪ್ರಾಚೀನ ಚಿತ್ರಗಳು ಇಂದಿಗೂ ಇವೆ.

ಹಿಮದ ಬಯಲಿನಲ್ಲಿ ಸ್ಕೀ ತೊಟ್ಟು ಬಹುದೂರ ಓಡುವುದಕ್ಕೆ ಕ್ರಾಸ್ ಕಂಟ್ರಿ ಸ್ಪರ್ಧೆ ಎಂದು ಹೆಸರು. ಇಲ್ಲಿ ಓಟಗಾರನ ಪಾದದ ಮುಂಭಾಗ ಮಾತ್ರ ಹಲಗೆಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಎರಡು ಕೈಗಳಲ್ಲಿಯೂ ಊರುಗೋಲುಗಳಿರುತ್ತವೆ. ಹಲಗೆಯ ನಡುಭಾಗ ಬಿಲ್ಲಿನಂತೆ ತುಸು ಮೇಲಕ್ಕೆ ಬಾಗಿದೆ. ಜಾರುವಾಗ ಆ ಭಾಗ ಹಿಮವನ್ನು ಮುಟ್ಟುವುದಿಲ್ಲ; ಬಲವಾಗಿ ಒತ್ತಿದಾಗ ಮಾತ್ರ ಮುಟ್ಟಿ, ಅಲ್ಲಿ ಸವರಿದ ಅಂಟು ಮೇಣದಿಂದಾಗಿ ಹಿಡಿತ ದೊರೆಯುತ್ತದೆ. ಹೀಗೆ ಒಂದೇ ಹಲಗೆ ಜಾರಲೂ ಬಲ್ಲದು, ತಡೆದು ನಿಲ್ಲಲೂ ಬಲ್ಲದು. ಕಾಲು, ತೋಳು, ಎದೆ, ಬೆನ್ನು ಎಲ್ಲವೂ ಒಟ್ಟಿಗೆ ದುಡಿಯುವ ಈ ಓಟ ಅತ್ಯಂತ ಶ್ರಮದ ಕ್ರೀಡೆಗಳಲ್ಲೊಂದು. ಇದರ ದೀರ್ಘ ಸ್ಪರ್ಧೆಯ ದೂರ 50 ಕಿಲೋಮೀಟರು.

ಸ್ಕೀ ನೆಗೆತದ ರೀತಿಯೇ ಬೇರೆ. ಎತ್ತರದ ಇಳಿಜಾರಿನಿಂದ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಜಾರಿಬಂದ ಕ್ರೀಡಾಪಟು ಅಂಚಿನಲ್ಲಿ ಒಮ್ಮೆ ಚಿಮ್ಮಿ ಗಾಳಿಯಲ್ಲಿ ತೇಲುತ್ತಾನೆ. ಕೈಯಲ್ಲಿ ಕೋಲಿಲ್ಲ, ಬೆನ್ನಿಗೆ ರೆಕ್ಕೆಯಿಲ್ಲ. ಕೆಳಗಿನ ನೆಲವೂ ಕಡಿದಾಗಿ ಇಳಿಯುತ್ತಿರುವುದರಿಂದ ನೆಲವನ್ನು ಮುಟ್ಟುವಾಗ ಪೆಟ್ಟು ಕಡಿಮೆ. ಹಾರಿದ ದೂರಕ್ಕೆ ಅಂಕಗಳಿವೆ. ಹಾರಿದ ಸೊಗಸಿಗೂ ಅಂಕಗಳಿವೆ. ಐವರು ತೀರ್ಪುಗಾರರು ತಲಾ 20ರೊಳಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಹಿಂದೆ ಎರಡು ಹಲಗೆಗಳನ್ನೂ ಜೋಡಿಸಿಕೊಂಡು ಹಾರುವುದೇ ಸೊಗಸೆಂದು ಎಣಿಸಿದ್ದರು. 1980ರ ದಶಕದಲ್ಲಿ ಸ್ವೀಡನ್ನಿನ ಯಾನ್ ಬೊಕ್ಲೊವ್ ಎಂಬಾತ ಹಲಗೆಗಳ ಮುಂತುದಿಗಳನ್ನು ಅಗಲಿಸಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಹಿಡಿದು ಹಾರಿದ. ಗಾಳಿಯ ಆಸರೆ ಹೆಚ್ಚಿತು, ದೂರವೂ ಹೆಚ್ಚಿತು. ತೀರ್ಪುಗಾರರು ಸೊಗಸು ಕೆಟ್ಟಿತೆಂದು ಅಂಕ ಕಡಿದರು. ಆದರೂ ಆತ ತನ್ನ ರೀತಿಯನ್ನು ಬಿಡದೆ 1988-89ರ ವಿಶ್ವಕಪ್ಪನ್ನು ಗೆದ್ದ. ಕೆಲವೇ ವರ್ಷಗಳಲ್ಲಿ ಎಲ್ಲರೂ ಆ ರೀತಿಯನ್ನೇ ಕಲಿತರು. 2025ರಲ್ಲಿ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ 254.5 ಮೀಟರ್ ದೂರ ಹಾರಿ ವಿಶ್ವದಾಖಲೆ ಸ್ಥಾಪಿಸಿದರು.

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ ಕೂಟ ನಡೆಯಿತು. ಈ ಎರಡು ಸ್ಪರ್ಧೆಗಳೂ ಅಲ್ಲಿದ್ದವು. ನೆಗೆತದಲ್ಲಿ ನಾರ್ವೆಯ ಥೋರ್ಲೈಫ್ ಹೌಗ್ ಮೂರನೆಯವನೆಂದು ಘೋಷಿತನಾಗಿ ಕಂಚಿನ ಪದಕ ಪಡೆದ. ಐವತ್ತು ವರ್ಷಗಳ ಅನಂತರ ಅಂಕಗಳ ಲೆಕ್ಕದಲ್ಲಿ ತಪ್ಪಾಗಿದ್ದುದು ಬೆಳಕಿಗೆ ಬಂತು. ಮೂರನೆಯ ಸ್ಥಾನ ಅಮೆರಿಕದ ಪರವಾಗಿ ಸ್ಪರ್ಧಿಸಿದ್ದ ಆಂಡರ್ಸ್ ಹೌಗೆನ್‌ಗೆ ಸಲ್ಲಬೇಕಾಗಿತ್ತು. ಅಷ್ಟರಲ್ಲಿ ಹೌಗ್ ತೀರಿಕೊಂಡು ನಲವತ್ತು ವರ್ಷಗಳಾಗಿದ್ದವು. 1974ರಲ್ಲಿ ಆತನ ಮಗಳು ತಂದೆಯ ಪದಕವನ್ನು ಎಂಬತ್ತು ದಾಟಿದ ಹೌಗೆನ್‌ನ ಕೈಗೆ ಒಪ್ಪಿಸಿದಳು. ತಂದೆಯ ನೆನಪಿನ ವಸ್ತುವಿಗಿಂತ ನ್ಯಾಯವೇ ದೊಡ್ಡದೆಂದು ಅವಳ ನಡತೆ ಸಾರಿತು.

ಹಿಮವಿಲ್ಲದ ನಾಡಿನವರು ಈ ಕಣಕ್ಕೆ ಇಳಿಯಬಹುದೇ? 1998ರಲ್ಲಿ ಜಪಾನಿನ ನಗಾನೊ ಕೂಟದಲ್ಲಿ ಕೀನ್ಯಾದ ಫಿಲಿಪ್ ಬೊಯಿಟ್ 10 ಕಿಲೋಮೀಟರ್ ಓಟದಲ್ಲಿ ಭಾಗವಹಿಸಿದ. ಆತ ಸ್ಕೀ ಕಲಿಯತೊಡಗಿ ಎರಡು ವರ್ಷಗಳಷ್ಟೇ ಆಗಿದ್ದವು. ನಾರ್ವೆಯ ಬ್ಯೋರ್ನ್ ಡೇಲಿ ಮೊದಲಿಗನಾದ. ಬೊಯಿಟ್ ಇಪ್ಪತ್ತು ನಿಮಿಷ ತಡವಾಗಿ ಎಲ್ಲರಿಗಿಂತ ಕೊನೆಯವನಾಗಿ ಗುರಿ ಮುಟ್ಟಿದ. ಅಷ್ಟು ಹೊತ್ತೂ ಡೇಲಿ ಗುರಿಯ ಬಳಿಯೇ ಕಾದು ನಿಂತು, ಬಂದವನನ್ನು ಅಪ್ಪಿಕೊಂಡ. ಬೊಯಿಟ್ ಮುಂದೆ ತನ್ನ ಮಗನಿಗೆ ಡೇಲಿಯ ಹೆಸರನ್ನೇ ಇಟ್ಟ. 2002 ಮತ್ತು 2006ರ ಕೂಟಗಳಲ್ಲಿಯೂ ಮತ್ತೆ ಓಡಿದ.

ನಮ್ಮ ನಾಡಿನಲ್ಲಿಯೂ ಇಂಥ ಉದಾಹರಣೆಯಿದೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹುಟ್ಟೂರ ಸೀಮೆಯಲ್ಲಿ ಮಳೆ ಧಾರಾಳ, ಮಂಜೂ ಉಂಟು; ಆದರೆ ಹಿಮ ಬೀಳುವುದಿಲ್ಲ. ಅವರು ಊರು ಬಿಟ್ಟು ಹಿಮಾಲಯದ ಮಡಿಲಿಗೆ ಹೋಗಿ ಈ ವಿದ್ಯೆಯನ್ನು ಕಲಿತರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರವಾಗಿ ಓಡಿದರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚಿನ ಪದಕ ಗಳಿಸಿದರು. ಹಿಮ ಸಿಗದ ಕಾಲದಲ್ಲಿ ಈ ಓಟಗಾರರು ಗಾಲಿ ಜೋಡಿಸಿದ ಸ್ಕೀಗಳನ್ನು ತೊಟ್ಟು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ.

ಹುಟ್ಟಿದ ನೆಲ ನಮಗೆ ಮೊದಲ ಪಾಠಗಳನ್ನು ಕಲಿಸುತ್ತದೆ. ಎಲ್ಲ ಪಾಠಗಳನ್ನೂ ಅದೊಂದೇ ಕಲಿಸಲಾರದು. ಬಿಸಿಲಿನಲ್ಲಿ ಹೊಲ ಉಳುವವನ ತಾಳ್ಮೆಯೂ ಹಿಮದಲ್ಲಿ ಐವತ್ತು ಕಿಲೋಮೀಟರು ಓಡುವವನ ತಾಳ್ಮೆಯೂ ಒಂದೇ ಬಗೆಯವು. ಗೆದ್ದವನಿಗೆ ಪದಕ ಒಂದು ದಿನ ದೊರೆಯುತ್ತದೆ. ಸೋತವನಿಗಾಗಿ ಕಾದು ನಿಲ್ಲುವ ಮನಸ್ಸೂ, ತನ್ನದಲ್ಲದ್ದನ್ನು ಮರಳಿಸುವ ಗುಣವೂ, ಕೊನೆಯವನಾದರೂ ಓಟವನ್ನು ಪೂರೈಸುವ ಛಲವೂ ಬಾಳಿನುದ್ದಕ್ಕೂ ಬೇಕಾಗುತ್ತವೆ.

ಅಭ್ಯಾಸ

1. ಹಿಮದಲ್ಲಿ ಸ್ಕೀ ಹೂತುಹೋಗದಿರಲು ಕಾರಣವೇನು? ಲೇಖಕರು ಕೊಟ್ಟ ಹೋಲಿಕೆಯೊಡನೆ ವಿವರಿಸಿ.
2. ಬೊಕ್ಲೊವ್ ತಂದ ಬದಲಾವಣೆ ಯಾವುದು? ತೀರ್ಪುಗಾರರು ಅದನ್ನು ಹೇಗೆ ಕಂಡರು?
3. ಹೌಗ್‌ನ ಮಗಳ ನಡತೆಯಿಂದ ನೀವು ಕಲಿಯುವ ನೀತಿಯೇನು?
4. ನಿಮ್ಮ ಊರಿನ ಹೊಲ, ಹೊಳೆ, ಗುಡ್ಡಗಳಿಂದ ಹುಟ್ಟಿದ ಒಂದು ಆಟವನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.