ಕೊಟ್ಟಿಗೆ ಕೆಲಸ ಕಲಿಸುವುದು, ಕಲಿತದ್ದನ್ನು ಬರೆದಿಡುವುದು



ಹಸುವಿಗೆ ಕಾಯಿಲೆಯಾದರೆ ಪಶುವೈದ್ಯರನ್ನು ಕರೆಯುತ್ತೀರಿ. ಹಸು ನೋಡಿಕೊಳ್ಳುವ ನಿಮಗೇ ಕಾಯಿಲೆಯಾದರೆ ಕೊಟ್ಟಿಗೆ ಯಾರು ನೋಡುತ್ತಾರೆ? ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಹಿಂದೆ ಕೆಚ್ಚಲು ಬಾವು ಬಂದಿತ್ತು, ಯಾವುದು ಯಾವಾಗ ಬೆದೆಗೆ ಬಂತು ಎಂಬುದೆಲ್ಲ ಎಷ್ಟೋ ಮನೆಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ನಾಲ್ಕು ದಿನ ಆಸ್ಪತ್ರೆ ಸೇರಿದರೆ ಡೇರಿಗೆ ಹಾಕುವ ಹಾಲು ಕಡಿಮೆಯಾಗುತ್ತದೆ. ಸೊಸೆಗೆ, ಮಗಳಿಗೆ ಅಥವಾ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಕೊಟ್ಟಿಗೆ ಕೆಲಸ ಕಲಿಸುವುದು ಹೇಗೆ, ಆಕೆ ಎಷ್ಟು ಕಲಿತಳೆಂದು ತಿಳಿಯುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಮೂರು ಮೆಟ್ಟಿಲು

ಯಾವ ಕೆಲಸವನ್ನಾದರೂ ಮೂರು ಮೆಟ್ಟಿಲಲ್ಲಿ ಕಲಿಸಿ. ಮೊದಲು ನೀವು ಮಾಡಿ, ಆಕೆ ನೋಡಲಿ. ಆಮೇಲೆ ನಿಮ್ಮ ಎದುರಿಗೇ ಆಕೆ ಮಾಡಲಿ. ಕೊನೆಗೆ ಆಕೆ ಒಬ್ಬಳೇ ಮಾಡಲಿ, ನೀವು ದೂರದಿಂದ ಗಮನಿಸಿ. ಹೆಚ್ಚಿನವರು ನಡುವಿನ ಮೆಟ್ಟಿಲನ್ನು ಹಾರಿಬಿಡುತ್ತಾರೆ. "ದಿನಾ ನೋಡ್ತಾಳಲ್ಲ, ಬರುತ್ತೆ ಬಿಡಿ" ಎನ್ನುತ್ತಾರೆ. ನೋಡಿದ್ದೆಲ್ಲ ಕೈಗೆ ಬರುವುದಿಲ್ಲ.

ದೊಡ್ಡ ಕೆಲಸವನ್ನು ಸಣ್ಣ ಸಣ್ಣದಾಗಿ ಬಿಡಿಸಿಕೊಳ್ಳಬೇಕು. "ಹಾಲು ಕರೆಯುವುದು" ಎಂದರೆ ಒಂದು ಕೆಲಸವಲ್ಲ, ಇಷ್ಟು ಕೆಲಸ:

1. ಕೈ ತೊಳೆದು, ಕೆಚ್ಚಲು ತೊಳೆದು, ಒಣಬಟ್ಟೆಯಿಂದ ಒರೆಸುವುದು.
2. ಪ್ರತಿ ಮೊಲೆತೊಟ್ಟಿನಿಂದ ಮೊದಲ ಮೂರು-ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ, ಗರಣೆ, ನೀರು, ರಕ್ತ ಇದೆಯೇ ಎಂದು ನೋಡುವುದು.
3. ಹೆಬ್ಬೆರಳು ಮಡಚದೆ ಮುಷ್ಟಿ ತುಂಬ ಹಿಡಿದು ಕರೆಯುವುದು. ಸೊರ ಬಿಟ್ಟ ಮೇಲೆ ಐದರಿಂದ ಏಳು ನಿಮಿಷದಲ್ಲಿ ಮುಗಿಸುವುದು; ತಡವಾದರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ.
4. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು.
5. ಮೇವು ಹಾಕಿ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳುವುದು. ಆ ಹೊತ್ತಿನಲ್ಲಿ ತೊಟ್ಟಿನ ರಂಧ್ರ ತೆರೆದಿರುತ್ತದೆ.
6. ಆರೋಗ್ಯವಾಗಿರುವ ಹಸುಗಳನ್ನು ಮೊದಲು, ಕೆಚ್ಚಲು ಬಾವು ಇರುವ ಹಸುವನ್ನು ಕೊನೆಗೆ ಕರೆಯುವುದು.

ಹೀಗೆ ಬಿಡಿಸಿದರೆ ಆಕೆಗೆ ಯಾವುದು ಬಂತು, ಯಾವುದು ಬಂದಿಲ್ಲ ಎಂದು ಬೆರಳಿಟ್ಟು ತೋರಿಸಬಹುದು.

ಕಿರ್ದಿ ಮತ್ತು ಖಾತೆ

ಬೆಂಗಳೂರಿನ ತರಗುಪೇಟೆಯ ಕಾಳುಕಡಿ ಮಂಡಿಗಳನ್ನು ನೀವು ಕೇಳಿರುತ್ತೀರಿ. ಮಂಡಿ ಲೆಕ್ಕದಲ್ಲಿ ಎರಡು ಪುಸ್ತಕ. ಅಂದಂದಿನ ವ್ಯವಹಾರ ಬರೆಯುವುದು ಕಿರ್ದಿ. ಅದರಿಂದ ಒಬ್ಬೊಬ್ಬ ಗಿರಾಕಿಯ ಹೆಸರಿಗೆ ಎತ್ತಿ ಬರೆಯುವುದು ಖಾತೆ. ಆ ಪೇಟೆಯ ಹಿಂದಿನ ಗಲ್ಲಿಯಲ್ಲಿ ನಾಲ್ಕು ಹಸು ಕಟ್ಟಿಕೊಂಡಿದ್ದ ಒಂದು ಮನೆಯಲ್ಲಿ ಇದೇ ಕ್ರಮವನ್ನು ಕೊಟ್ಟಿಗೆಗೆ ತಂದದ್ದನ್ನು ಕಂಡೆ.

ಅತ್ತೆಗೆ ಮೊಣಕಾಲಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಉಳಿದದ್ದು ಆರು ವಾರ. ಸೊಸೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು, ಹಸುವಿನ ಹತ್ತಿರ ಹೋದವರಲ್ಲ. ಅವರು ನೂರು ಪುಟದ ನೋಟುಬುಕ್ಕು ತಂದು ಎರಡು ಭಾಗ ಮಾಡಿದರು. ಮುಂದಿನ ಭಾಗ ಕಿರ್ದಿ: ತಾರೀಕು, ಇಂದು ಏನು ಮಾಡಿದೆ, ಅತ್ತೆ ಏನು ಹೇಳಿದರು, ಎರಡೇ ಸಾಲು. ಹಿಂದಿನ ಭಾಗ ಖಾತೆ: ಒಂದೊಂದು ಕೆಲಸಕ್ಕೆ ಒಂದೊಂದು ಪುಟ. ನೋಡಿದ ದಿನ "ನೋ", ಜೊತೆಯಲ್ಲಿ ಮಾಡಿದ ದಿನ "ಜೊ", ಒಬ್ಬರೇ ಮಾಡಿದ ದಿನ "ಒ". ಬೇರೆ ಬೇರೆ ದಿನ ಮೂರು ಸಲ "ಒ" ಬಿದ್ದು, ಏಕೆ ಹಾಗೆ ಮಾಡಬೇಕೆಂದು ಬಾಯಲ್ಲಿ ಹೇಳಿದರೆ ಮಾತ್ರ ಅತ್ತೆ ಆ ಪುಟಕ್ಕೆ ಸಹಿ ಹಾಕುತ್ತಿದ್ದರು.

ಖಾಲಿ ಪುಟ ಹೇಳಿದ್ದು

ನಾಲ್ಕನೇ ವಾರ ಪುಸ್ತಕ ತಿರುವಿ ನೋಡಿದಾಗ ಹಾಲು ಕರೆಯುವ ಪುಟಗಳೆಲ್ಲ ತುಂಬಿದ್ದವು. "ಬೆದೆ ಗುರುತಿಸುವುದು" ಎಂಬ ಪುಟದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಆ ನಾಲ್ಕು ವಾರದಲ್ಲಿ ಯಾವ ಹಸುವಿನ ಬೆದೆಯೂ ಇಬ್ಬರ ಕಣ್ಣಿಗೆ ಬಿದ್ದಿರಲಿಲ್ಲ, ಹಾಗಾಗಿ ಕಲಿಸುವ ಸಂದರ್ಭವೇ ಬಂದಿರಲಿಲ್ಲ. ಬರೆದಿಡುವುದರ ದೊಡ್ಡ ಲಾಭ ಇದು. ಬಾಯಿಮಾತಿನಲ್ಲಿ "ಎಲ್ಲ ಕಲಿತಳು" ಎನ್ನುತ್ತೇವೆ. ಖಾಲಿ ಪುಟ ಸುಳ್ಳು ಹೇಳುವುದಿಲ್ಲ.

ಕರು ಹಾಕಿ ಎರಡು ತಿಂಗಳು ದಾಟಿದ ಹಸುವೊಂದಿತ್ತು. ಅದು ಗೌರಿ ಹಬ್ಬದ ಮರುದಿನ ಬೆದೆಗೆ ಬಂದದ್ದು ಅತ್ತೆಗೆ ನೆನಪಿತ್ತು; ಕರು ಹಾಕಿ ಆಗಿನ್ನೂ ಹೆಚ್ಚು ದಿನವಾಗಿಲ್ಲವೆಂದು ಬಿಟ್ಟಿದ್ದರು. ಅಲ್ಲಿಂದ 21 ದಿನಕ್ಕೊಂದರಂತೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಬೆದೆ 18ರಿಂದ 24 ದಿನದೊಳಗೆ ಯಾವಾಗಲಾದರೂ ಬರಬಹುದಾದ್ದರಿಂದ ಗುರುತಿನ ಹಿಂದೆ ಮುಂದೆ ಮೂರು ದಿನ ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಕೊಟ್ಟಿಗೆಗೆ ಹೋಗಿ ನೋಡಬೇಕೆಂದು ಬರೆದುಕೊಂಡರು. ನೋಡಬೇಕಾದದ್ದು: ಗಾಜಿನಂಥ ತಿಳಿ ಲೋಳೆ, ಕೂಗು, ಮೇವು ಬಿಡುವುದು, ಹಾಲು ಕಡಿಮೆಯಾಗುವುದು, ಬೇರೆ ಹಸು ಮೇಲೇರಿದರೂ ನಿಂತುಕೊಳ್ಳುವುದು.

ಅತ್ತೆ ಆಸ್ಪತ್ರೆಯಲ್ಲಿದ್ದಾಗಲೇ ಒಂದು ಬೆಳಿಗ್ಗೆ ಲೋಳೆ ಕಂಡಿತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಎಂಬುದು ಪುಟದ ಮೇಲೇ ಇತ್ತು. ಅಂದು ಸಂಜೆಯೇ ಮಾಡಿಸಿದರು. ಗರ್ಭ ನಿಂತಿತೇ ಎಂಬುದು ಮೂರು ತಿಂಗಳ ಪರೀಕ್ಷೆಗೆ ಬಿಟ್ಟ ಮಾತು. ಆದರೆ ಬೆದೆ ಕೈತಪ್ಪಲಿಲ್ಲ. ತಪ್ಪಿದ್ದರೆ ಇನ್ನೂ 21 ದಿನ ಮೇವು, ಹಿಂಡಿ ಹಾಕಿ ಕಾಯಬೇಕಿತ್ತು.

ಬೈದರೆ ಮುಚ್ಚಿಡುತ್ತಾರೆ

ಪುಸ್ತಕ ತಪ್ಪು ಹುಡುಕುವ ಆಯುಧ ಆಗಬಾರದು. "ನಿನಗೆ ಬುದ್ಧಿ ಇಲ್ಲ" ಎಂದು ಬರೆಯಬೇಡಿ, ಹೇಳಲೂ ಬೇಡಿ. "ಮೊದಲ ಧಾರೆ ನೋಡುವುದು ಮರೆತೆ, ಸಂಜೆ ನೆನಪಿಟ್ಟು ಮಾಡಿದೆ" ಎಂದು ಆಕೆಯೇ ಬರೆಯಲಿ. ಬೈಗುಳಕ್ಕೆ ಹೆದರಿದವಳು ಹಾಲಿನಲ್ಲಿ ಗರಣೆ ಕಂಡರೂ ಸುಮ್ಮನಾಗುತ್ತಾಳೆ. ಆ ಹಾಲು ಕ್ಯಾನಿಗೆ ಬೀಳುತ್ತದೆ, ಎಲ್ಲರ ಹಾಲೂ ಕೆಡುತ್ತದೆ. ಚಿಕಿತ್ಸೆ ತಡವಾಗಿ ಒಂದು ತೊಟ್ಟು ಬತ್ತಿಹೋಗಲೂಬಹುದು. ಚುಚ್ಚುಮದ್ದು ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದೆಂದು ವೈದ್ಯರಿಂದ ಕೇಳಿ, ಕೊನೆಯ ತಾರೀಕನ್ನು ಕಿರ್ದಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಆಕೆಗೆ ಓದು ಬರಹ ಬಾರದಿದ್ದರೆ ಅಕ್ಷರದ ಬದಲು ಗುರುತು ಸಾಕು: ನೋಡಿದ್ದಕ್ಕೆ ಒಂದು ಗೆರೆ, ಜೊತೆಗೆ ಮಾಡಿದ್ದಕ್ಕೆ ಎರಡು, ಒಬ್ಬಳೇ ಮಾಡಿದ್ದಕ್ಕೆ ಮೂರು. ಪುಟದ ತಲೆಗೆ ಕೆಚ್ಚಲು, ಲೋಟ, ಬಕೆಟ್ಟಿನ ಚಿತ್ರ ಬರೆಯಿರಿ.

ಈ ವಾರ ಮಾಡಬೇಕಾದದ್ದು

- ಒಂದು ನೋಟುಬುಕ್ಕು ತಂದು ಕಿರ್ದಿ, ಖಾತೆ ಎಂದು ಭಾಗ ಮಾಡಿ.
- ನಿಮ್ಮ ಕೊಟ್ಟಿಗೆಯ ಕೆಲಸಗಳನ್ನು ಪಟ್ಟಿ ಮಾಡಿ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುವುದು, ಬೆದೆ ಗುರುತಿಸುವುದು ಮುಂತಾಗಿ ಅಪರೂಪಕ್ಕೆ ಬರುವ ಕೆಲಸಗಳನ್ನು ಬಿಡಬೇಡಿ.
- ಪ್ರತಿ ಹಸುವಿಗೆ ಒಂದು ಪುಟ: ಕರು ಹಾಕಿದ ದಿನ, ಕೊನೆಯ ಬೆದೆ, ಲಸಿಕೆ, ಹಿಂದಿನ ಕಾಯಿಲೆ.
- ವಾರಕ್ಕೊಮ್ಮೆ ಹತ್ತು ನಿಮಿಷ ಇಬ್ಬರೂ ಕೂತು ಓದಿ. ಖಾಲಿ ಪುಟ ಯಾವುದೆಂದು ಮೊದಲು ನೋಡಿ.

ಪಶುವೈದ್ಯರು ಮನೆಗೆ ಬಂದಾಗ ಈ ಪುಸ್ತಕವನ್ನೂ ಮುಂದಿಡಿ. ಹಸುವಿನ ಹಿಂದಿನ ವಿಷಯ ಸರಿಯಾಗಿ ಸಿಕ್ಕರೆ ನಮ್ಮ ಚಿಕಿತ್ಸೆಯೂ ಬೇಗ ದಾರಿಗೆ ಬರುತ್ತದೆ.