ಹತ್ತಿಯೂ ಬಿಡುಗಡೆಯೂ

ಸಿರಿಗೇರಿಯ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದ ಕೈಗಳು ನಮ್ಮಲ್ಲಿ ಅನೇಕ ಉಂಟು. ಆ ಹತ್ತಿಯ ಬೆಲೆಗೂ ಅಮೇರಿಕಾದ ಗುಲಾಮರ ಬಿಡುಗಡೆಗೂ ಇದ್ದ ಸಂಬಂಧವನ್ನು ಈ ಪಾಠದಲ್ಲಿ ವಿಚಾರಿಸೋಣ.

ಅಮೇರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಹತ್ತಿಯ ಬೆಳೆಯು ಬಹುಮಟ್ಟಿಗೆ ಗುಲಾಮರ ದುಡಿಮೆಯಿಂದಲೇ ಆಗುತ್ತಿತ್ತು. ಆಫ್ರಿಕಾ ಖಂಡದಿಂದ ಬಲಾತ್ಕಾರವಾಗಿ ತರಲ್ಪಟ್ಟವರ ಸಂತತಿಯಾದ ಅವರನ್ನು ದನಗಳಂತೆ ಕೊಂಡು ಮಾರುತ್ತಿದ್ದರು. 1861ರಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹುಟ್ಟಿತು. ಉತ್ತರದವರ ಹಡಗುಗಳು ದಕ್ಷಿಣದ ರೇವುಗಳನ್ನು ತಡೆದದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋಯಿತು. ಆಗ ವರ್ತಕರು ನಮ್ಮ ದೇಶದ ಕಡೆಗೆ ತಿರುಗಿದರು. ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಹತ್ತಿಯ ಬೆಲೆಯು ಬಹಳವಾಗಿ ಏರಿ, 1865ರಲ್ಲಿ ಯುದ್ಧ ತೀರಿದ ಮೇಲೆ ಇಳಿಯಿತು.

ಇತ್ತ ನಮ್ಮ ರೈತರಿಗೆ ಲಾಭ. ಅತ್ತ ಮ್ಯಾಂಚೆಸ್ಟರ್ ಪಟ್ಟಣದ ಗಿರಣಿ ಕೂಲಿಗಾರರಿಗೆ ಹಸಿವು. ದಕ್ಷಿಣದವರ ಪಕ್ಷ ಹಿಡಿದರೆ ಹತ್ತಿ ಬಂದೀತೆಂದು ಹೇಳುವವರು ಅಲ್ಲಿದ್ದರು. ಆದರೂ 1862ನೇ ಡಿಸೆಂಬರ್ 31ರಲ್ಲಿ ಆ ಕೂಲಿಗಾರರು ಸಭೆ ಕೂಡಿ, ಗುಲಾಮತನವನ್ನು ನಿರ್ಮೂಲ ಮಾಡಬೇಕೆಂದು ಅಧ್ಯಕ್ಷ ಲಿಂಕನ್ನನಿಗೆ ಪತ್ರ ಬರೆದರು. ಆತನು 1863ನೇ ಜನವರಿ 19ರಲ್ಲಿ ಉತ್ತರ ಬರೆದು ಅವರ ಧೈರ್ಯವನ್ನು ಕೊಂಡಾಡಿದನು. 1865ನೇ ಡಿಸೆಂಬರಿನಲ್ಲಿ ಗುಲಾಮತನವು ಆ ದೇಶದ ಶಾಸನದಿಂದ ರದ್ದಾಯಿತು.

ಆ ಕೂಲಿಗಾರರು ತಾವು ಎಂದೂ ಕಾಣದವರ ಬಿಡುಗಡೆಗಾಗಿ ತಮ್ಮ ಹಸಿವನ್ನು ತಾಳಿಕೊಂಡರು. ನಮ್ಮ ದೇಶದಲ್ಲಿಯೂ 1976ರ ಕಾನೂನು ಜೀತವನ್ನು ನಿಷೇಧಿಸಿತು. ಆದರೆ ನೆರೆಯವನ ಕೂಲಿಯನ್ನು ನಾವು ಹಿಡಿದಿಟ್ಟರೆ ಆ ಕಾನೂನಿನಿಂದ ಅವನಿಗೆ ಏನು ಫಲ? ಇದನ್ನು ಮನೆಯವರೆಲ್ಲರೂ ಕೂಡಿ ಆಲೋಚಿಸಿರಿ.