ಕರುಳಿನ ಕ್ಯಾನ್ಸರ್: ರಾಸಾಯನಿಕ ಚಿಕಿತ್ಸೆಯ ಅಡ್ಡ ಪರಿಣಾಮಗಳನ್ನು ಎದುರಿಸುವ ಬಗೆ

ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅನೇಕ ರೋಗಿಗಳಿಗೆ ರಾಸಾಯನಿಕ ಚಿಕಿತ್ಸೆ, ಅಂದರೆ ಕೀಮೋಥೆರಪಿ, ಅವಶ್ಯವಾಗುತ್ತದೆ. ಶರೀರದಲ್ಲಿ ಕಣ್ಣಿಗೆ ಕಾಣದಂತೆ ಉಳಿದಿರಬಹುದಾದ ಕ್ಯಾನ್ಸರ್ ಜೀವಕೋಶಗಳನ್ನು ನಾಶಪಡಿಸಿ, ರೋಗವು ಮರುಕಳಿಸದಂತೆ ತಡೆಯುವುದೇ ಇದರ ಉದ್ದೇಶ. ಈ ಔಷಧಿಗಳು ವೇಗವಾಗಿ ವಿಭಜನೆ ಹೊಂದುವ ಜೀವಕೋಶಗಳ ಮೇಲೆ ವರ್ತಿಸುತ್ತವೆ. ಬಾಯಿಯ ಒಳಪದರ, ಕರುಳಿನ ಒಳಪೊರೆ ಹಾಗೂ ರಕ್ತಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆಯ ಜೀವಕೋಶಗಳೂ ಅಂಥವೇ ಆದುದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಅಡ್ಡ ಪರಿಣಾಮಗಳಿಗೆ ಮೂಲಕಾರಣ ಇದೇ. ಇವುಗಳಲ್ಲಿ ಬಹುತೇಕವು ತಾತ್ಕಾಲಿಕವಾದವು. ಆದರೆ ಕೆಲವನ್ನು ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ ಒದಗಬಹುದು.

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ರೋಗಿಗಳಲ್ಲಿ ಹಲವರು ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುತ್ತಾರೆ. 1941ರಲ್ಲಿ ಆರಂಭವಾದ ಈ ಆಸ್ಪತ್ರೆಯು 1962ರಿಂದ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ. ಟಾಟಾ ಸ್ಮಾರಕ ಕೇಂದ್ರದ ಮತ್ತೊಂದು ಸಂಸ್ಥೆ ನವಿ ಮುಂಬಯಿಯ ಖಾರ್‌ಘರ್‌ನಲ್ಲಿದೆ. ಔಷಧಿಯನ್ನು ಆಸ್ಪತ್ರೆಯಲ್ಲಿ ಕೊಡಲಾಗುತ್ತದೆಯಾದರೂ ಅದರ ಪರಿಣಾಮಗಳು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮನೆಯಲ್ಲಿ, ರಾತ್ರಿಯ ವೇಳೆಯಲ್ಲಿ, ಇಲ್ಲವೆ ರೈಲುಪ್ರಯಾಣದಲ್ಲಿ. ಆದಕಾರಣ ರೋಗಿಯೊಂದಿಗೆ ಮನೆಯವರೂ ಈ ವಿಷಯವನ್ನು ಅರಿತಿರತಕ್ಕದ್ದು.

ಔಷಧಿಗಳ ಪರಿಚಯ

ಈ ರೋಗದಲ್ಲಿ ಸಾಮಾನ್ಯವಾಗಿ ಬಳಸುವ ಔಷಧಿಗಳು ಮೂರು: 1957ರಲ್ಲಿ ಬಳಕೆಯ ಹಾದಿ ತೆರೆದುಕೊಂಡ ಫ್ಲೂರೋಯುರಾಸಿಲ್, ಶರೀರದೊಳಗೆ ಅದೇ ಔಷಧಿಯಾಗಿ ಮಾರ್ಪಡುವ ಕೆಪೆಸಿಟಾಬಿನ್ ಮಾತ್ರೆ, ಮತ್ತು ರಕ್ತನಾಳದ ಮೂಲಕ ಕೊಡುವ ಆಕ್ಸಾಲಿಪ್ಲಾಟಿನ್. ಬಹಳ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಮೊದಲ ದಿನ ಆಕ್ಸಾಲಿಪ್ಲಾಟಿನ್ ಕೊಟ್ಟು, 14 ದಿನಗಳ ಕಾಲ ಮಾತ್ರೆ ಸೇವಿಸಿ, 7 ದಿನ ವಿರಾಮ ನೀಡಲಾಗುತ್ತದೆ. ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ ನೀರಿನೊಂದಿಗೆ ನುಂಗಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿಹೋದಲ್ಲಿ ಮುಂದಿನ ಹೊತ್ತು ಎರಡು ಪಟ್ಟು ಸೇವಿಸಲಾಗದು. ಶಕ್ತಿಗೆಂದು ಅಂಗಡಿಯಿಂದ ತಂದ ಫೋಲಿಕ್ ಆಮ್ಲದ ಮಾತ್ರೆಗಳು ಈ ಔಷಧಿಯ ತೀವ್ರತೆಯನ್ನು ಹೆಚ್ಚಿಸಬಲ್ಲವು. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಜ್ವರ: ಕಾಯಲಾಗದ ಲಕ್ಷಣ

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಡೊಂಬಿವಲಿಯ ಉಪಾಹಾರ ಗೃಹವೊಂದರಲ್ಲಿ ದುಡಿಯುವ ಉಡುಪಿ ಕಡೆಯ ಒಬ್ಬ ಕಾರ್ಮಿಕನಿಗೆ ಚಿಕಿತ್ಸೆಯ ಹತ್ತನೆಯ ದಿನ ರಾತ್ರಿ ಚಳಿಜ್ವರ ಬರುತ್ತದೆ. “ಬೆಳಗ್ಗೆ ನೋಡೋಣ” ಎಂದು ಮನೆಯವರು ಜ್ವರದ ಮಾತ್ರೆಯೊಂದನ್ನು ಕೊಟ್ಟು ಮಲಗಿಸುತ್ತಾರೆ. ಸಾಮಾನ್ಯ ಜ್ವರದಲ್ಲಿ ಇದು ದೊಡ್ಡ ತಪ್ಪಲ್ಲ. ಆದರೆ ಚಿಕಿತ್ಸೆಯ ಒಂದು ವಾರದ ನಂತರ, ಎರಡನೆಯ ವಾರದ ಸುಮಾರಿಗೆ ಬಿಳಿ ರಕ್ತಕಣಗಳ ಸಂಖ್ಯೆ ಬಹಳವಾಗಿ ಕುಸಿಯುವುದುಂಟು. ಆಗ ತಗಲಿದ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ವ್ಯಾಪಿಸಬಹುದು. ಪ್ಯಾರಾಸಿಟಮಾಲ್ ಮಾತ್ರೆಯು ಜ್ವರವನ್ನು ಮರೆಮಾಡುತ್ತದೆಯೇ ಹೊರತು ಸೋಂಕನ್ನು ಗುಣಪಡಿಸುವುದಿಲ್ಲ. ಆ ಕಾರ್ಮಿಕನ ಪಾಲಿಗೆ ನಿರ್ಣಾಯಕವಾದುದು ಆ ರಾತ್ರಿಯೇ, ಮರುದಿನದ ಬೆಳಗಲ್ಲ.

ಆದ್ದರಿಂದ ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಉಷ್ಣಾಂಶವು 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಯಾವ ಹೊತ್ತಾದರೂ ಆಸ್ಪತ್ರೆಗೆ ಹೋಗಬೇಕು. ಕಲ್ಯಾಣದಿಂದ ಪರೇಲ್ ದೂರವೆಂದು ತಡಮಾಡದೆ, ತುರ್ತು ಚಿಕಿತ್ಸಾ ಸೌಲಭ್ಯವುಳ್ಳ ಸಮೀಪದ ಆಸ್ಪತ್ರೆಯನ್ನು ಸೇರುವುದು ಲೇಸು. ವಾಹನ ದೊರೆಯದಿದ್ದಲ್ಲಿ 108ಕ್ಕೆ ಕರೆ ಮಾಡಬಹುದು. ಮನೆಮಾತು ಕನ್ನಡವೋ ತುಳುವೋ ಆಗಿರುವ ರೋಗಿಗೆ ಆತಂಕದ ಗಳಿಗೆಯಲ್ಲಿ ಮರಾಠಿಯಲ್ಲಿ ಎಲ್ಲವನ್ನೂ ವಿವರಿಸುವುದು ಕಷ್ಟ. ರೋಗದ ಹೆಸರು, ಔಷಧಿಗಳ ಹೆಸರು, ಕೊನೆಯ ಚಿಕಿತ್ಸೆಯ ದಿನಾಂಕ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿಯೊಂದನ್ನು ಜೇಬಿನಲ್ಲಿ ಇರಿಸಿಕೊಳ್ಳುವುದು ಉಪಯುಕ್ತ.

ಭೇದಿ ಮತ್ತು ವಾಂತಿ

ದಿನವೊಂದಕ್ಕೆ ವಾಡಿಕೆಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಅಥವಾ ರಾತ್ರಿ ಭೇದಿಗಾಗಿ ಏಳಬೇಕಾಗಿ ಬಂದರೆ, ಕೆಪೆಸಿಟಾಬಿನ್ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು. ಹೀಗೆ ನಿಲ್ಲಿಸಿದ್ದರಿಂದ ಚಿಕಿತ್ಸೆ ವ್ಯರ್ಥವಾಗುವುದೆಂಬ ಭಯ ಬೇಡ; ನಿಲ್ಲಿಸದೆ ಮುಂದುವರಿಸುವುದೇ ಅಪಾಯಕರ. ಕೆಲವರ ಶರೀರದಲ್ಲಿ ಈ ಔಷಧಿಯನ್ನು ಕರಗಿಸುವ ಕಿಣ್ವದ ಕೊರತೆಯಿರುತ್ತದೆ. ಅಂಥವರಿಗೆ ಮೊದಲನೆಯ ಸುತ್ತಿನಲ್ಲಿಯೇ ತೀವ್ರ ಭೇದಿ, ಬಾಯಿಹುಣ್ಣುಗಳು ಕಾಣಿಸಿಕೊಳ್ಳುತ್ತವೆ.

ಓ.ಆರ್.ಎಸ್. ದ್ರಾವಣ, ಉಪ್ಪು ಬೆರೆಸಿದ ಅಕ್ಕಿಗಂಜಿ, ಎಳನೀರು ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಕೊಡುತ್ತಿರಬೇಕು. ಹಾಲು, ಕರಿದ ತಿಂಡಿ, ಖಾರದ ಸಾರುಗಳನ್ನು ವರ್ಜಿಸುವುದು ಹಿತ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದ ವೇಳೆಗೇ ಸೇವಿಸಬೇಕು. ವಾಕರಿಕೆ ಬಲಿಯುವವರೆಗೆ ಕಾಯಬಾರದು. ಒಗ್ಗರಣೆಯ ವಾಸನೆ ಸಹಿಸಲಾಗದವರಿಗೆ ಮೊಸರನ್ನ, ಇಡ್ಲಿಯಂಥ ಸೌಮ್ಯ ಆಹಾರ ಒಗ್ಗುತ್ತದೆ. ಬಾಯಿಹುಣ್ಣಿಗೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬೇಕು. ಮಳೆಗಾಲದಲ್ಲಿ ಕುದಿಸಿ ಆರಿಸಿದ ನೀರನ್ನೇ ಕುಡಿಯತಕ್ಕದ್ದು.

ಶೀತದ ಸ್ಪರ್ಶ ಮತ್ತು ಜೋಮು

ಆಕ್ಸಾಲಿಪ್ಲಾಟಿನ್ ಪಡೆದ ಬಳಿಕ ಕೆಲವು ದಿನ ತಣ್ಣನೆಯ ವಸ್ತು ಸೋಕಿದರೆ ಬೆರಳುಗಳಲ್ಲಿ ಚುಚ್ಚಿದ ಅನುಭವವಾಗುತ್ತದೆ. ತಂಪು ನೀರು ಕುಡಿದಾಗ ಗಂಟಲು ಬಿಗಿದು ಉಸಿರು ಕಟ್ಟಿದಂತೆ ಭಾಸವಾಗಬಹುದು. ರೈಲು ನಿಲ್ದಾಣದಲ್ಲಿ ಮಂಜುಗಡ್ಡೆ ಹಾಕಿದ ಪಾನಕ, ಶೀತಲ ಪೆಟ್ಟಿಗೆಯಿಂದ ತೆಗೆದ ಮಜ್ಜಿಗೆ ಇವನ್ನು ಆ ದಿನಗಳಲ್ಲಿ ಮುಟ್ಟಬಾರದು. ಹವಾನಿಯಂತ್ರಿತ ಲೋಕಲ್‌ನಲ್ಲಿ ಪ್ರಯಾಣಿಸುವವರು ಬೇಸಿಗೆಯಲ್ಲಿಯೂ ಮೂಗು-ಬಾಯಿಗಳಿಗೆ ವಸ್ತ್ರ ಸುತ್ತಿಕೊಳ್ಳುವುದು ಒಳಿತು.

ಸುತ್ತುಗಳು ಹೆಚ್ಚಿದಂತೆ ಜೋಮು ಸ್ಥಿರವಾಗಿ ನೆಲೆಸಬಹುದು. ಅಂಗಿಯ ಗುಂಡಿ ಹಾಕಲಾಗದಿರುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು ಇದರ ಸೂಚನೆಗಳು. ಔಷಧಿಯನ್ನು ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಭೀತಿಯಿಂದ ಕೆಲವರು ಇದನ್ನು ಬಚ್ಚಿಡುತ್ತಾರೆ. ಇದು ಸಲ್ಲದು, ಏಕೆಂದರೆ ಹಾನಿಗೊಂಡ ನರಗಳು ಎಲ್ಲರಲ್ಲಿಯೂ ಪೂರ್ಣವಾಗಿ ಚೇತರಿಸಿಕೊಳ್ಳುವುದಿಲ್ಲ. 12,834 ರೋಗಿಗಳನ್ನು ಒಳಗೊಂಡ ಆರು ಪ್ರಯೋಗಗಳ ಸಂಯುಕ್ತ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೂರನೆಯ ಹಂತದ ರೋಗಿಗಳ ಪೈಕಿ ಅಪಾಯ ಕಡಿಮೆಯಿರುವವರಲ್ಲಿ, ಮೇಲೆ ಹೇಳಿದ ಮಾತ್ರೆಯ ಕ್ರಮದ ಮೂರು ತಿಂಗಳ ಚಿಕಿತ್ಸೆಯು ಆರು ತಿಂಗಳಿನದಕ್ಕೆ ಹೆಚ್ಚುಕಡಿಮೆ ಸಮನಾದ ಫಲ ಕೊಡುತ್ತದೆಂದೂ, ಜೋಮು ಬಹಳ ಕಡಿಮೆಯೆಂದೂ ಅದರಿಂದ ತಿಳಿದುಬಂದಿತು. ಪ್ರಮಾಣವನ್ನು ತಗ್ಗಿಸುವ ಅಥವಾ ಅವಧಿಯನ್ನು ಮೊಟಕುಗೊಳಿಸುವ ನಿರ್ಧಾರ ವೈದ್ಯರದು. ಅದಕ್ಕೆ ಆಧಾರ ಮಾತ್ರ ರೋಗಿಯ ನಿಜವಾದ ಮಾತು.

ಅಂಗೈ ಮತ್ತು ಅಂಗಾಲು

ಕೆಪೆಸಿಟಾಬಿನ್ ಸೇವನೆಯಿಂದ ಅಂಗೈ ಅಂಗಾಲುಗಳು ಕೆಂಪಾಗಿ, ಉರಿದು, ಚರ್ಮ ಸುಲಿಯುವುದುಂಟು. ಬಿಸಿನೀರಿನಲ್ಲಿ ಪಾತ್ರೆ ತೊಳೆಯುವವರು, ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವರು ಕೆಲಕಾಲ ಬೇರೆ ಕೆಲಸ ಕೇಳಿ ಪಡೆಯುವುದು ಅವಶ್ಯ. ಸಡಿಲವಾದ ಪಾದರಕ್ಷೆ ಧರಿಸಿ, ದಿನಕ್ಕೆ ಹಲವು ಸಲ ತೇವ ಕಾಪಾಡುವ ಮುಲಾಮು ಹಚ್ಚಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 264 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡೈಕ್ಲೋಫೆನಾಕ್ ಲೇಪನವು ಈ ತೊಂದರೆಯ ಮಧ್ಯಮ ಹಾಗೂ ತೀವ್ರ ರೂಪಗಳನ್ನು ಶೇಕಡ 15ರಿಂದ 3.8ಕ್ಕೆ ಇಳಿಸಿತು. ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಬಳಸಬಾರದು. ಇನ್ನು, ಈ ಔಷಧಿಗಳ ಸೇವನೆಯ ಕಾಲದಲ್ಲಿ ಎದೆನೋವು ಕಂಡುಬಂದರೆ ಅದನ್ನು ವಾಯುವೆಂದು ಭಾವಿಸದೆ, ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಧಾವಿಸಬೇಕು.

ಪ್ರಯಾಣ ಮತ್ತು ವೆಚ್ಚ

ಮುಂಬಯಿ ಉಪನಗರ ರೈಲುಗಳಲ್ಲಿ ಅಂಗವಿಕಲರಿಗಾಗಿ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣಿಸಬಹುದು. ಆಸ್ಪತ್ರೆಯ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಚಿಕಿತ್ಸೆ ಅಥವಾ ತಪಾಸಣೆಗಾಗಿ ದೂರದ ಊರಿನಿಂದ ಬರುವ ರೋಗಿಗೂ ಅವನ ಒಬ್ಬ ಸಂಗಡಿಗನಿಗೂ ರೈಲ್ವೆಯು ಪ್ರಯಾಣದರದಲ್ಲಿ ರಿಯಾಯಿತಿ ನೀಡುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ರಕ್ಷಣೆಯುಂಟು. ರಾಸಾಯನಿಕ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ವಿವರಗಳನ್ನು ಆಸ್ಪತ್ರೆಯ ವೈದ್ಯಕೀಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಬಹುದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬಾರದು.
2. ಭೇದಿ ಹೆಚ್ಚಿದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.
3. ಎದೆನೋವು ತುರ್ತು ಲಕ್ಷಣವೆಂದು ತಿಳಿಯಬೇಕು.
4. ಜೋಮನ್ನು ಪ್ರತಿ ಭೇಟಿಯಲ್ಲಿಯೂ ವರದಿ ಮಾಡಬೇಕು.
5. ಚಿಕಿತ್ಸೆಯ ವಿವರವುಳ್ಳ ಚೀಟಿ ಸದಾ ಜೊತೆಯಲ್ಲಿರಬೇಕು.

ಅಡ್ಡ ಪರಿಣಾಮಗಳನ್ನು ಮೌನವಾಗಿ ಸಹಿಸುವುದು ಧೈರ್ಯವಲ್ಲ. ಸಕಾಲದಲ್ಲಿ ಹೇಳಿಕೊಂಡ ರೋಗಿಯೇ ಚಿಕಿತ್ಸೆಯನ್ನು ಸುರಕ್ಷಿತವಾಗಿ ಪೂರ್ಣಗೊಳಿಸುವ ಸಂಭವ ಹೆಚ್ಚು.